ದೇಶ ಬಿಡುವವರ ಮೈಲು ಲೆಕ್ಕ

ಹೊರದೇಶಕ್ಕೆ ಮನೆ ಬದಲಿಸುವವರು ನನ್ನನ್ನು ಏನೆಲ್ಲ ಕೇಳುತ್ತಾರೆ. ಕುಕ್ಕರ್ ಒಯ್ಯಬೇಕಾ, ಮಿಕ್ಸಿ ಅಲ್ಲಿಯ ಕರೆಂಟಿಗೆ ನಡೆಯುತ್ತಾ, ಅಪ್ಪೆಮಿಡಿ ಉಪ್ಪಿನಕಾಯಿ ಸೂಟ್‌ಕೇಸಿಗೋ ಕೈಚೀಲಕ್ಕೋ. ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ, ಕೂಡಿಟ್ಟರೆ ಟಿಕೆಟ್ಟಿಗೆ ಆಗುವ ಪಾಯಿಂಟುಗಳು, ಅಂದರೆ ಏರ್‌ಲೈನ್ ಮೈಲುಗಳ ಬಗ್ಗೆ ಮಾತ್ರ ಹೊರಡುವ ಮುಂಚೆ ಯಾರೂ ಕೇಳುವುದಿಲ್ಲ. ಹೋಗಿ ಆರೆಂಟು ತಿಂಗಳಾದ ಮೇಲೆ ವಾಟ್ಸಾಪ್ ಬರುತ್ತದೆ: "ಅಕ್ಕಾ, ಅಕೌಂಟಲ್ಲಿ ಅಡ್ರೆಸ್ ಬದಲಾಯಿಸಿದ್ರೆ ನನ್ನ ಪಾಯಿಂಟ್ಸ್ ಹೋಗ್ತಾವಾ?"

ಹೋಗಲ್ಲ. ಆದರೆ ಅಲ್ಲಿಗೆ ಮಾತು ಮುಗಿಯುವುದೂ ಇಲ್ಲ. ನಾವು 2015ರಲ್ಲಿ ಬೆಂಗಳೂರಿನಿಂದ ಶಿಕಾಗೊಗೆ ಹೋದೆವು, 2019ರಲ್ಲಿ ವಾಪಸು ಬಂದೆವು, 2023ರಲ್ಲಿ ಲಂಡನ್ನಿಗೆ ಹೊರಟೆವು. ಈ ಓಡಾಟದಲ್ಲಿ ಕಲಿತದ್ದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಟೈಪಿಸಿ ಬೆರಳು ಸೋತಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಸುಲಭದ್ದು. ದೇಶ ಬದಲಾದರೂ ನಿಮ್ಮ ಸದಸ್ಯತ್ವದ ನಂಬರ್ ಅದೇ ಇರುತ್ತದೆ, ಕೂಡಿಟ್ಟ ಮೈಲುಗಳೂ ಅವೇ. ಹೆಚ್ಚು ಹಾರುವವರಿಗೆ ಕೊಡುವ ಬೆಳ್ಳಿಯೋ ಚಿನ್ನವೋ, ಕಾರ್ಡಿನ ದರ್ಜೆಯೂ ಅದರ ಅವಧಿ ಮುಗಿಯುವ ತನಕ ಅಲ್ಲಾಡುವುದಿಲ್ಲ. ಹೊಸ ದೇಶಕ್ಕೆ ಬಂದೆವೆಂದು ಅದೇ ಕಂಪನಿಯಲ್ಲಿ ಇನ್ನೊಂದು ಅಕೌಂಟ್ ತೆಗೆಯಲು ಹೋಗಬೇಡಿ. ಒಬ್ಬರಿಗೆ ಒಂದೇ ಅಕೌಂಟ್ ಎಂಬುದು ಸಾಮಾನ್ಯ ನಿಯಮ, ಎರಡು ಕಂಡರೆ ಮುಚ್ಚುತ್ತಾರೆ. ಇರುವ ಅಕೌಂಟಿನಲ್ಲಿ ದೇಶ ಬದಲಿಸಿದರೆ ಸಾಕು. ಬದಲಾಗುವುದು ಮೈಲುಗಳಲ್ಲ, ಅವುಗಳ ಸುತ್ತಮುತ್ತಲಿನದು: ದರ್ಜೆ ಉಳಿಸಿಕೊಳ್ಳುವ ಷರತ್ತು, ಕ್ರೆಡಿಟ್ ಕಾರ್ಡು, ಮನೆಯವರ ಜೊತೆ ಹಂಚಿಕೊಳ್ಳುವ ದಾರಿ, ಟಿಕೆಟ್ಟಿನ ಮೇಲಿನ ತೆರಿಗೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ಮಾತಂತೂ ಖಾತ್ರಿಯಾಗಿದೆ. ವಿಮಾನ ಕಂಪನಿಗಳಿಗೆ ಹಿತ್ತಲ ಗಿಡ ಮದ್ದಲ್ಲ. ತಮ್ಮ ಊರಿನ ಗಿರಾಕಿಗಿಂತ ಪರಊರಿನ ಗಿರಾಕಿಯನ್ನು ಅವು ಹೆಚ್ಚು ಮುದ್ದು ಮಾಡುತ್ತವೆ.

ಇದು ನನಗೆ ಹೊಳೆದದ್ದು ಶಿಕಾಗೊದಲ್ಲಿ. ಅಮೆರಿಕದ ಯುನೈಟೆಡ್ ಮತ್ತು ಡೆಲ್ಟಾ ಎರಡೂ 2014ರಿಂದ ಒಂದು ಹೊಸ ಷರತ್ತು ಹಾಕಿದ್ದವು. ಅಲ್ಲಿಯ ತನಕ ಎಷ್ಟು ಮೈಲು ಹಾರಿದಿರಿ ಎಂಬುದರ ಮೇಲೆ ದರ್ಜೆ ಸಿಗುತ್ತಿತ್ತು. ಆಮೇಲೆ ಮೈಲಿನ ಜೊತೆಗೆ ವರ್ಷಕ್ಕೆ ಇಂತಿಷ್ಟು ಡಾಲರ್ ಖರ್ಚೂ ಆಗಿರಬೇಕು ಎಂದಾಯಿತು. ನಾನು ಹೋದ ಹೊತ್ತಿಗೆ ಯುನೈಟೆಡ್‌ನಲ್ಲಿ ಬೆಳ್ಳಿಗೆ 25,000 ಮೈಲು ಮತ್ತು 3,000 ಡಾಲರ್, ಚಿನ್ನಕ್ಕೆ 50,000 ಮೈಲು ಮತ್ತು 6,000 ಡಾಲರ್. ಆದರೆ ಈ ಡಾಲರ್ ಷರತ್ತು ಇದ್ದದ್ದು ಅಮೆರಿಕದ ವಿಳಾಸ ಇರುವ ಸದಸ್ಯರಿಗೆ ಮಾತ್ರ. ಅಕೌಂಟಿನಲ್ಲಿ ಬೆಂಗಳೂರಿನ ವಿಳಾಸ ಇದ್ದವರು ಬರೀ ಮೈಲು ತೋರಿಸಿದರೆ ಸಾಕಿತ್ತು.

ಲೆಕ್ಕ ಹಾಕಿ ನೋಡಿ. ಶಿಕಾಗೊದಿಂದ ಫ್ರಾಂಕ್‌ಫರ್ಟ್ ಮೇಲೆ ಬೆಂಗಳೂರಿಗೆ ಒಂದು ಕಡೆಗೆ ಹೆಚ್ಚುಕಡಿಮೆ 9,000 ಮೈಲು, ಹೋಗಿಬಂದರೆ 18,000. ವರ್ಷಕ್ಕೆ ಮೂರು ಸಲ ಹೋಗಿಬಂದರೆ 54,000. ಚಿನ್ನಕ್ಕೆ ಬೇಕಾದಷ್ಟು ಮೈಲು ಆಯಿತು. ಎಕಾನಮಿ ಟಿಕೆಟ್ಟಿಗೆ ಸಾವಿರದ ಇನ್ನೂರು ಡಾಲರ್ ಎಂದಿಟ್ಟುಕೊಂಡರೆ ಮೂರಕ್ಕೆ 3,600 ಡಾಲರ್. ಅಂದರೆ ಇದೇ ವಿಮಾನದಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ, ಇದೇ ದರ ಕೊಟ್ಟು ಕೂತ ಇಬ್ಬರಲ್ಲಿ ಬೆಂಗಳೂರಿನ ವಿಳಾಸದವನಿಗೆ ಚಿನ್ನ, ಶಿಕಾಗೊ ವಿಳಾಸದವಳಿಗೆ ಬೆಳ್ಳಿ. ನಮ್ಮ ಬೆಂಗಳೂರು ಆಫೀಸಿನ ಸಹೋದ್ಯೋಗಿಯೊಬ್ಬ ಹೀಗೇ ಚಿನ್ನವಾಗಿ, ಬ್ಯಾಗಿಗೆ ಆ ಟ್ಯಾಗು ನೇತುಹಾಕಿಕೊಂಡು ಶಿಕಾಗೊ ಆಫೀಸಿಗೆ ಬಂದಾಗ ನಮ್ಮವರೆಲ್ಲ ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದರು. ಯುನೈಟೆಡ್‌ನದೇ ಕ್ರೆಡಿಟ್ ಕಾರ್ಡಿನಲ್ಲಿ ವರ್ಷಕ್ಕೆ 25,000 ಡಾಲರ್ ಉಜ್ಜಿದರೆ ಆ ಡಾಲರ್ ಷರತ್ತಿನಿಂದ ಬಿಡುಗಡೆ ಇತ್ತು. ನಾನು ಚಿನ್ನಕ್ಕೆ ಏರಿದ್ದು ಆ ದಾರಿಯಿಂದ. ಮಗಳ ಡೇಕೇರ್ ಫೀಸು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಯಾಕೆ ಹೀಗೆ ಎಂದರೆ ಕಾರಣ ಸರಳ. ಶಿಕಾಗೊದ ಒಹೇರ್ ವಿಮಾನ ನಿಲ್ದಾಣದಲ್ಲಿ ಯುನೈಟೆಡ್ ಬೇಡ ಎಂದವರಿಗೆ ಅಮೆರಿಕನ್ ಏರ್‌ಲೈನ್ಸ್, ಅದೂ ಬೇಡವಾದರೆ ಮತ್ತೆ ಯುನೈಟೆಡ್ಡೇ. ಬೇಕಾದ ಊರಿಗೆಲ್ಲ ನೇರ ವಿಮಾನ ಬೇಕೆಂದರೆ ಅಲ್ಲಿಯವರು ಎಲ್ಲಿಗೂ ಓಡಿಹೋಗುವ ಹಾಗಿಲ್ಲ. ಬೆಂಗಳೂರಿನವರ ಕಥೆ ಬೇರೆ. ಅಮೆರಿಕಕ್ಕೆ ಹೋಗಬೇಕೆಂದರೆ ದುಬೈ, ದೋಹಾ, ಅಬುಧಾಬಿ, ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಸಿಂಗಪುರ, ಎಲ್ಲರೂ ಬನ್ನಿ ಬನ್ನಿ ಎಂದು ಕರೆಯುವವರೇ. ಹತ್ತು ಅಂಗಡಿಯ ಆಯ್ಕೆ ಇರುವವನನ್ನು ಒಲಿಸಿಕೊಳ್ಳಬೇಕು, ಬೇರೆ ಅಂಗಡಿಯೇ ಇಲ್ಲದವನನ್ನು ಯಾಕೆ ಒಲಿಸಬೇಕು? ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಮೈಲು ಯೋಜನೆ ಫ್ಲೈಯಿಂಗ್ ಬ್ಲೂ ಕೂಡ 2018ರಲ್ಲಿ ಪದ್ಧತಿ ಬದಲಿಸುವ ತನಕ ಇದನ್ನೇ ಮಾಡುತ್ತಿತ್ತು. ಫ್ರಾನ್ಸ್ ಮತ್ತು ಮೊನಾಕೊದಲ್ಲಿ ವಾಸ ಇರುವವರು ಅದೇ ದರ್ಜೆಗೆ ಬೇರೆ ದೇಶದವರಿಗಿಂತ ಹೆಚ್ಚು ಮೈಲು ಹಾರಬೇಕಿತ್ತು.

ಈ ವಿನಾಯಿತಿ ಈಗ ಉಳಿದಿಲ್ಲ. ಯುನೈಟೆಡ್ 2020ರಲ್ಲಿ ತಂದ ಹೊಸ ಪದ್ಧತಿಯಲ್ಲಿ ಎಲ್ಲ ದೇಶದವರಿಗೂ ಖರ್ಚಿನ ಲೆಕ್ಕವೇ. ಡೆಲ್ಟಾ 2024ರಿಂದ ಪರದೇಶದವರ ರಿಯಾಯಿತಿ ತೆಗೆಯಿತು. ಹಳೆಯ ಲೇಖನ ಓದಿ "ಇಂಡಿಯಾ ಅಡ್ರೆಸ್ಸೇ ಇಟ್ಕೋ, ಲಾಭ ಇದೆ" ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೇಗೂ ನಿಜವಾದ ವಿಳಾಸ ಕೊಡಬೇಕೆಂಬುದೇ ಅವರ ನಿಯಮ.

ಆದರೆ ಪರಊರಿನವರ ಮೇಲಿನ ಪ್ರೀತಿ ಇನ್ನೊಂದು ಜಾಗದಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಅದು ವಿಮಾನ ನಿಲ್ದಾಣದ ಲೌಂಜಿನ, ಅಂದರೆ ತಿಂಡಿ ಇಟ್ಟ ವಿಶ್ರಾಂತಿ ಕೋಣೆಯ, ಬಾಗಿಲಲ್ಲಿ.

ಒಹೇರ್‌ನ ಒಂದನೇ ಟರ್ಮಿನಲ್‌ನಲ್ಲಿ ಬಿ ಕಡೆಯಿಂದ ಸಿ ಕಡೆಗೆ ನೆಲದಡಿಯಲ್ಲಿ ಒಂದು ಸುರಂಗ ಇದೆ, ತಲೆಯ ಮೇಲೆ ಬಣ್ಣಬಣ್ಣದ ನಿಯಾನ್ ದೀಪ. ಅದನ್ನು ದಾಟಿ ಮೇಲೆ ಬಂದ ಕಡೆ ಬಸವನಗುಡಿಯ ಹಿರಿಯರೊಬ್ಬರು ಸಿಕ್ಕರು, ಕನ್ನಡ ಕೂಟದ ಯುಗಾದಿಯಲ್ಲಿ ಪರಿಚಯವಾದವರು. ನಿವೃತ್ತರು, ಒಬ್ಬ ಮಗ ಶಿಕಾಗೊದಲ್ಲಿ, ಇನ್ನೊಬ್ಬ ಹ್ಯೂಸ್ಟನ್‌ನಲ್ಲಿ. ನಾನು ಆಫೀಸ್ ಕೆಲಸಕ್ಕೆ ಹೊರಟಿದ್ದ ಹ್ಯೂಸ್ಟನ್ ವಿಮಾನಕ್ಕೇ ಅವರೂ ಹೊರಟಿದ್ದರು. ವಿಮಾನ ಎರಡು ಗಂಟೆ ತಡ. ಅವರು ಲೌಂಜಿನ ಕೌಂಟರಿಗೆ ಹೋಗಿ ಜುಬ್ಬದ ಜೇಬಿನಿಂದ ಏರ್ ಇಂಡಿಯಾದ ಗೋಲ್ಡನ್ ಎಡ್ಜ್ ಕಾರ್ಡು ತೆಗೆದು ಇಟ್ಟರು. ಹುಡುಗಿ ನೋಡಿ, ನಕ್ಕು, ಒಳಗೆ ಹೋಗಿ ಅಂದಳು. ನನ್ನ ಕೈಯಲ್ಲಿದ್ದದ್ದು ಯುನೈಟೆಡ್‌ನದೇ ಚಿನ್ನ, ಹತ್ತಬೇಕಾದದ್ದು ಯುನೈಟೆಡ್‌ನದೇ ವಿಮಾನ, ಎದುರಿಗಿದ್ದದ್ದು ಯುನೈಟೆಡ್‌ನದೇ ಲೌಂಜು. ನನಗೆ ಪ್ರವೇಶ ಇಲ್ಲ. ಹಿರಿಯರು ಅರ್ಧ ದಾರಿಯಿಂದ ತಿರುಗಿ ಬಂದರು. "ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಬಹುದಂತೆ. ಬಾಮ್ಮ, ಮಹಾರಾಜರ ಕಡೆಯವಳು ಅಂದ್ಕೋ." ಒಳಗೆ ಟೊಮೆಟೊ ಸೂಪು, ಚೀಸ್ ತುಂಡು. ಅವರು ತಂದಿದ್ದ ಕೋಡುಬಳೆ ಡಬ್ಬಿ ಮಧ್ಯೆ ಬಂತು.

ಇದು ನಿಯಮ, ಆ ಹುಡುಗಿಯ ದಯೆಯಲ್ಲ. ಯುನೈಟೆಡ್ ಸೇರಿದಂತೆ ಹಲವು ವಿಮಾನ ಕಂಪನಿಗಳ ಸ್ಟಾರ್ ಅಲಯನ್ಸ್ ಒಕ್ಕೂಟದಲ್ಲಿ ಚಿನ್ನದ ದರ್ಜೆ ಇದ್ದವರಿಗೆ, ಒಕ್ಕೂಟದ ಯಾವ ವಿಮಾನ ಹತ್ತಿದರೂ ಲೌಂಜು ಸಿಗಬೇಕು. ಆದರೆ ಯುನೈಟೆಡ್ ತನ್ನ ಸ್ವಂತ ಸದಸ್ಯರಿಗೆ ಮಾತ್ರ ಅಮೆರಿಕದ ಒಳಗಿನ ಪ್ರಯಾಣದಲ್ಲಿ ಅದನ್ನು ಕೊಡುವುದಿಲ್ಲ. ಅವರು ಲೌಂಜಿನ ಸದಸ್ಯತ್ವವನ್ನು ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಲಿ ಎಂಬ ಲೆಕ್ಕ. ಏರ್ ಇಂಡಿಯಾ 2014ರ ಜುಲೈನಲ್ಲಿ ಆ ಒಕ್ಕೂಟ ಸೇರಿದ್ದರಿಂದ ನಮ್ಮ ಹಿರಿಯರು ಅಲ್ಲಿ ಪರದೇಶದ ಅತಿಥಿ. ಒನ್‌ವರ್ಲ್ಡ್ ಒಕ್ಕೂಟದಲ್ಲೂ ಇದೇ ಕಥೆ. ಅಮೆರಿಕನ್ ಏರ್‌ಲೈನ್ಸ್‌ನ ಸ್ವಂತ ಸದಸ್ಯನಿಗೆ ಒಳನಾಡಿನ ಪ್ರಯಾಣದಲ್ಲಿ ಲೌಂಜು ಇಲ್ಲ, ಬ್ರಿಟಿಷ್ ಏರ್‌ವೇಸ್‌ನ ಬೆಳ್ಳಿ ಅಥವಾ ಕತಾರ್‌ನ ಚಿನ್ನ ಇಟ್ಟುಕೊಂಡವನಿಗೆ ಇದೆ.

ಹಾಗಾಗಿ ಅಮೆರಿಕಕ್ಕೆ ಹೋಗುವವರಿಗೆ ನಾನು ಹೇಳುವುದು: ಅಲ್ಲಿ ಇಳಿದ ತಕ್ಷಣ ಅಲ್ಲಿಯ ಕಂಪನಿಯ ಸದಸ್ಯರಾಗಿ ಎಲ್ಲ ಮೈಲನ್ನೂ ಅಲ್ಲಿಗೆ ಸುರಿಯಬೇಡಿ. ಯುನೈಟೆಡ್ ಹತ್ತಿದರೂ ಬುಕಿಂಗಿನಲ್ಲಿ ನಿಮ್ಮ ಏರ್ ಇಂಡಿಯಾ ನಂಬರ್ ಹಾಕಬಹುದು. ಏರ್ ಇಂಡಿಯಾದ ಮೈಲು ಯೋಜನೆಗೆ ಫ್ಲೈಯಿಂಗ್ ರಿಟರ್ನ್ಸ್ ಎಂಬ ಹಳೆಯ ಹೆಸರು ಹೋಗಿ 2025ರಿಂದ ಅದು ಮಹಾರಾಜ ಕ್ಲಬ್. ಸಿಂಗಪುರ ಏರ್‌ಲೈನ್ಸ್‌ನ ಮೈಲು ಯೋಜನೆ ಕ್ರಿಸ್‌ಫ್ಲೈಯರ್ ಇದ್ದರೆ ಅದನ್ನು ಹಾಕಬಹುದು. ಮೈಲು ಅಲ್ಲಿಗೇ ಹೋಗುತ್ತದೆ. ಇದಕ್ಕೆ ಎದುರು ವಾದವೂ ಉಂಟು. ವಾರವಾರ ಅಮೆರಿಕದ ಒಳಗೇ ಹಾರುವ ಕನ್ಸಲ್ಟೆಂಟ್ ನೀವಾದರೆ, ಸೀಟು ಖಾಲಿ ಇದ್ದಾಗ ಪುಕ್ಕಟೆಯಾಗಿ ಮುಂದಿನ ಕ್ಯಾಬಿನ್ನಿಗೆ ಯುನೈಟೆಡ್ ಏರಿಸುವುದು ತನ್ನ ಸ್ವಂತ ಸದಸ್ಯರನ್ನು ಮಾತ್ರ. ಅಂಥವರು ಅಲ್ಲಿಯದೇ ಕಾರ್ಡು ಹಿಡಿಯಲಿ. ವರ್ಷಕ್ಕೊಮ್ಮೆ ಊರಿಗೆ, ನಾಲ್ಕೈದು ಸಲ ಒಳನಾಡಿಗೆ ಹೋಗುವ ಸಂಸಾರಸ್ಥರಿಗೆ ಪರಊರಿನ ಕಾರ್ಡೇ ವಾಸಿ.

ದರ್ಜೆ ಇನ್ನೂ ಜೀವಂತ ಇರುವಾಗಲೇ ಮಾಡಬಹುದಾದ ಕೆಲಸ ಇನ್ನೊಂದಿದೆ, ಸ್ಟೇಟಸ್ ಮ್ಯಾಚ್. ನಿಮ್ಮ ಹಳೆಯ ಕಂಪನಿಯ ಚಿನ್ನದ ಕಾರ್ಡು ತೋರಿಸಿದರೆ ಹೊಸ ಊರಿನ ಕಂಪನಿ ಕೆಲವು ತಿಂಗಳಿಗೆ ಅದೇ ದರ್ಜೆ ಕೊಟ್ಟು ನೋಡುತ್ತದೆ. ಯುನೈಟೆಡ್‌ನಲ್ಲಿ ಅದು 120 ದಿನ, ಅಷ್ಟರೊಳಗೆ ಅವರು ಹೇಳಿದಷ್ಟು ಹಾರಿದರೆ ಉಳಿಯುತ್ತದೆ. ಇದನ್ನು ಮತ್ತೆಮತ್ತೆ ಕೊಡುವುದಿಲ್ಲ. ಆದ್ದರಿಂದ ಮನೆ ಹುಡುಕುವ, ಲೈಸೆನ್ಸ್ ಮಾಡಿಸುವ ಗಡಿಬಿಡಿಯ ತಿಂಗಳುಗಳಲ್ಲಿ ಕೇಳಬೇಡಿ. ಓಡಾಟ ಶುರುವಾಗುವ ಹೊತ್ತು ನೋಡಿ ಕೇಳಿ.

ಇನ್ನು ಕ್ರೆಡಿಟ್ ಕಾರ್ಡು. ಇಂಡಿಯಾದಲ್ಲಿ ಇರುವಾಗ ನಮ್ಮ ಬಹುಪಾಲು ಮೈಲು ಬರುವುದು ಆಕಾಶದಿಂದಲ್ಲ, ಕಾರ್ಡಿನಿಂದ. ಕೆಲಸಕ್ಕೆಂದು ದೇಶ ಬಿಟ್ಟರೆ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ನೀವು ಅನಿವಾಸಿ, ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆ ಮಾಡಿಸಬೇಕು. ಅದರ ಬೆನ್ನಿಗೆ ಬ್ಯಾಂಕಿನವರು ಕ್ರೆಡಿಟ್ ಕಾರ್ಡಿನ ಮಾತು ತೆಗೆಯುತ್ತಾರೆ. ಕೆಲವರು ಅನಿವಾಸಿ ಖಾತೆಯ ಮೇಲೆ ಕಾರ್ಡು ಮುಂದುವರಿಸುತ್ತಾರೆ, ಕೆಲವರು ಮುಚ್ಚುತ್ತಾರೆ. ಮುಚ್ಚಿದರೆ ಅದರಲ್ಲಿದ್ದ ಬ್ಯಾಂಕ್ ಪಾಯಿಂಟುಗಳೂ ಮಣ್ಣುಪಾಲು. ಏರ್‌ಲೈನ್ ಅಕೌಂಟಿಗೆ ಹೋಗಿಬಿದ್ದ ಮೈಲಿಗೆ ಆ ಭಯವಿಲ್ಲ, ಅದು ಬ್ಯಾಂಕಿನದಲ್ಲ. 2023ರಲ್ಲಿ ಹೊರಡುವ ಮುಂಚೆ ನಾನು ಟಿಕೆಟ್ಟಿಗಿಂತ ಮೊದಲು ಮಾಡಿದ ಕೆಲಸ, ಬ್ಯಾಂಕಿನ ಪಾಯಿಂಟುಗಳನ್ನೆಲ್ಲ ಏರ್‌ಲೈನಿಗೆ ವರ್ಗಾಯಿಸಿದ್ದು. ಅಮೆರಿಕನ್ ಎಕ್ಸ್‌ಪ್ರೆಸ್ ಇದ್ದವರಿಗೆ ಒಂದು ಅನುಕೂಲ ಉಂಟು. ಒಂದು ದೇಶದ ಕಾರ್ಡಿನ ಚರಿತ್ರೆ ತೋರಿಸಿ ಇನ್ನೊಂದು ದೇಶದಲ್ಲಿ ಕಾರ್ಡು ಕೇಳಬಹುದು. ಹೊಸ ದೇಶದಲ್ಲಿ ಕ್ರೆಡಿಟ್ ಸ್ಕೋರೇ ಇಲ್ಲದ ದಿನಗಳಲ್ಲಿ ಅದು ದೊಡ್ಡ ಸಹಾಯ.

ವರ್ಗಾಯಿಸುವಾಗ ಎಲ್ಲಿಗೆ ಎಂಬುದನ್ನು ಯೋಚಿಸಬೇಕು, ಒಮ್ಮೆ ಹೋದ ಪಾಯಿಂಟು ವಾಪಸು ಬರುವುದಿಲ್ಲ. ಕ್ರಿಸ್‌ಫ್ಲೈಯರ್ ಮೈಲಿಗೆ ಮೂರು ವರ್ಷದ ಆಯಸ್ಸು, ನೀವು ನಡುವೆ ಎಷ್ಟು ಸಲ ಹಾರಿದರೂ ಅದು ಮುಂದೆ ಹೋಗುವುದಿಲ್ಲ. ಎಮಿರೇಟ್ಸ್‌ನಲ್ಲೂ ಮೂರು ವರ್ಷ, ಮುಗಿಯುವುದು ನೀವು ಹುಟ್ಟಿದ ತಿಂಗಳ ಕೊನೆಗೆ. ಬ್ರಿಟಿಷ್ ಏರ್‌ವೇಸ್ ತನ್ನ ಮೈಲಿಗೆ ಇಟ್ಟ ಹೆಸರು ಏವಿಯೋಸ್, ಅದು 36 ತಿಂಗಳು ಯಾವ ಚಟುವಟಿಕೆಯೂ ಇಲ್ಲದಿದ್ದರೆ ಮಾತ್ರ ಹೋಗುತ್ತದೆ, ಅಮೆರಿಕನ್‌ನದು 24 ತಿಂಗಳು. ಡೆಲ್ಟಾದ ಮೈಲಿಗೆ ಅವಧಿಯೇ ಇಲ್ಲ, ಯುನೈಟೆಡ್‌ನದಕ್ಕೂ 2019ರ ಆಗಸ್ಟಿನಿಂದ ಇಲ್ಲ. ನಾವು ಶಿಕಾಗೊ ಬಿಟ್ಟ ವರ್ಷವೇ ಆ ಪ್ರಕಟಣೆ ಬಂದದ್ದು ನಮ್ಮ ಪುಣ್ಯ. ದೇಶ ಬಿಟ್ಟವರ ಮೈಲು ಸದ್ದಿಲ್ಲದೆ ಸಾಯುವುದು ಇಲ್ಲೇ. ಬೆಂಗಳೂರಿನಲ್ಲಿದ್ದಾಗ ವರ್ಷಕ್ಕೆ ನಾಲ್ಕು ಸಲ ಸಿಂಗಪುರಕ್ಕೆ ಹೋಗುತ್ತಿದ್ದವರು ಡಲ್ಲಾಸ್‌ಗೆ ಹೋದ ಮೇಲೆ ಆ ಕಂಪನಿಯ ಹೆಸರನ್ನೇ ಮರೆಯುತ್ತಾರೆ. ಗಡಿಯಾರ ಮಾತ್ರ ಓಡುತ್ತಿರುತ್ತದೆ. ಮ್ಯೂನಿಕ್‌ನಲ್ಲಿ ಇದ್ದ ನನ್ನ ಗೆಳತಿಯದು ಇನ್ನೊಂದು ಬಗೆ. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ ಮೈಲಿಗೆ 36 ತಿಂಗಳ ಅವಧಿ, ಆದರೆ ಅವರ ಕ್ರೆಡಿಟ್ ಕಾರ್ಡು ಬಳಸುತ್ತಿದ್ದ ತನಕ ಅವಳಿಗೆ ಆ ಚಿಂತೆ ಇರಲಿಲ್ಲ. ಜರ್ಮನಿ ಬಿಟ್ಟು ಮೈಸೂರಿಗೆ ಬಂದು, ಅಲ್ಲಿಯ ಬ್ಯಾಂಕ್ ಖಾತೆ ಮುಚ್ಚಿ, ಜೊತೆಗೆ ಕಾರ್ಡೂ ಹೋಯಿತು. ಅವಧಿಯ ಚಿಂತೆ ವಾಪಸು ಬಂತು.

ಮೊಬೈಲ್ ನಂಬರಿನ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಲಾಗಿನ್ನಿಗೆ ಓಟಿಪಿ ಕೇಳುವ ಎಲ್ಲ ಅಕೌಂಟುಗಳಲ್ಲೂ ಹೊಸ ದೇಶದ ನಂಬರ್ ಹಾಕುವ ತನಕ ಹಳೆಯ ಸಿಮ್ ಜೀವಂತ ಇಡಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಪ್ರೀಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ಕಡಿಯಬಹುದು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಕಡಿಯುವಂತಿಲ್ಲ. ಹಳೆಯ ನಂಬರ್ ಇರುವಾಗಲೇ ಹೊಸದಕ್ಕೆ ಬದಲಿಸುವುದು ಎರಡು ನಿಮಿಷದ ಕೆಲಸ, ಅದು ಹೋದ ಮೇಲೆ ಬದಲಿಸುವುದು ಎರಡು ತಿಂಗಳ ಈಮೇಲ್ ಜಗಳ.

ಹೆಸರಿನ ಗೋಳು ಮಾತ್ರ ನಮ್ಮ ಕಡೆಯವರಿಗೇ ವಿಶೇಷ. ನಮ್ಮನೆಯವರಿಗೆ ಪಾಸ್‌ಪೋರ್ಟಿನಲ್ಲಿ ಉಪನಾಮ ಎಂಬ ಗೆರೆ ಖಾಲಿ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡು ನಲವತ್ತು ವರ್ಷ ನೆಮ್ಮದಿಯಾಗಿದ್ದರು. ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರು ಉಪನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬಂತು, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಇತ್ತ ಇಂಡಿಯಾದಲ್ಲಿ ಎಂದೋ ತೆರೆದ ಮೈಲು ಅಕೌಂಟಿನಲ್ಲಿ ಉಪನಾಮದ ಜಾಗಕ್ಕೆ ತೀರ್ಥಹಳ್ಳಿ ಎಂದು ತುಂಬಿದ್ದರು. ಟಿಕೆಟ್ಟಿನಲ್ಲಿ ಗೊತ್ತಿಲ್ಲದ ಮಂಜುನಾಥ, ಅಕೌಂಟಿನಲ್ಲಿ ಮಂಜುನಾಥ ತೀರ್ಥಹಳ್ಳಿ. ಕಂಪ್ಯೂಟರಿನ ಪಾಲಿಗೆ ಇಬ್ಬರೂ ಬೇರೆಬೇರೆ. ಮೈಲು ಜಮಾ ಆಗಲಿಲ್ಲ. ಆ ಏರ್‌ಲೈನಿನವರು ಬೋರ್ಡಿಂಗ್ ಪಾಸ್ ಕೇಳಿದರು, ಪಾಸ್‌ಪೋರ್ಟ್ ಕೇಳಿದರು, ಹೆಸರು ಬದಲಿಸಿದ ಪ್ರಮಾಣಪತ್ರ ಕೇಳಿದರು. ಹೆಸರೇ ಬದಲಾಗಿಲ್ಲ ಮಹಾರಾಯರೇ ಅಂದರೆ ಅದಕ್ಕೆ ಅವರ ಫಾರಂನಲ್ಲಿ ಜಾಗ ಇರಲಿಲ್ಲ. ಕೊನೆಗೆ ವೀಸಾ ಪುಟದ ನಕಲು ಕೆಲಸ ಮಾಡಿತು. ಹೊರಡುವ ಮುಂಚೆ ಎಲ್ಲ ಅಕೌಂಟುಗಳ ಹೆಸರನ್ನೂ ಪಾಸ್‌ಪೋರ್ಟಿನಂತೆ ಸರಿಮಾಡಿಸಿಕೊಳ್ಳಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಲಂಡನ್ನಿಗೆ ಬಂದ ಮೇಲೆ ಪೆಟ್ಟು ಬಿದ್ದದ್ದು ಮನೆಯವರೆಲ್ಲ ಸೇರಿ ಕೂಡಿಡುವ ಲೆಕ್ಕಕ್ಕೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೌಸ್‌ಹೋಲ್ಡ್ ಅಕೌಂಟ್ ಎಂದಿದೆ. ನಿಮ್ಮ ಜೊತೆ ಇನ್ನು ಆರು ಜನ ಸೇರಬಹುದು, ಎಲ್ಲರ ಏವಿಯೋಸ್ ಒಂದೇ ರಾಶಿ. ಟಿಕೆಟ್ ತೆಗೆದರೆ ಪ್ರತಿಯೊಬ್ಬರ ಪಾಲಿನಿಂದಲೂ ಪ್ರಮಾಣಕ್ಕೆ ತಕ್ಕಷ್ಟು ಕಳೆಯುತ್ತದೆ. ಷರತ್ತು ಒಂದೇ, ಎಲ್ಲರ ವಿಳಾಸವೂ ಒಂದೇ ಆಗಿರಬೇಕು. ಬೆಂಗಳೂರಿನ ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಮಗಳು, ಎಲ್ಲ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಇದು ನಮಗೆಂದೇ ಮಾಡಿದ ಹಾಗಿತ್ತು. ಕೂಡು ಕುಟುಂಬಕ್ಕೆ ಇಷ್ಟು ಬೆಲೆ ಕೊಡುವ ಸಂಸ್ಥೆ ಈಗಿನ ಕಾಲದಲ್ಲಿ ಬೇರೆ ಯಾವುದಿದೆ? ನಾವು ಹೊರಟ ಮೇಲೆ ಅತ್ತೆ ಮಾವ ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟು ತೀರ್ಥಹಳ್ಳಿಯ ತೋಟದ ಮನೆಗೆ ಹೋದರು. ವಿಳಾಸ ಎರಡಾಯಿತು, ಅವರನ್ನು ತೆಗೆಯಬೇಕಾಯಿತು. ಫೋನಿನಲ್ಲಿ ಹೇಳಿದಾಗ ಅತ್ತೆ ಕೇಳಿದ್ದು, "ಏನೇ ಮಾರಾಯ್ತಿ, ವಿಮಾನದವರೂ ನಮ್ಮನ್ನ ಬೇರೆ ಮನೆ ಮಾಡಿಸಿದ್ರಾ?"

ಅವರ ಏವಿಯೋಸ್ ಅವರ ಜೊತೆಗೇ ಹೋಯಿತು. ಒಂದು ಟಿಕೆಟ್ಟಿಗೂ ಸಾಲದಷ್ಟು, ಎಸೆಯಲೂ ಮನಸ್ಸಾಗದಷ್ಟು. ನಮ್ಮ ಏವಿಯೋಸ್‌ನಿಂದ ಅವರಿಗೆ ಟಿಕೆಟ್ ತೆಗೆಯಲು ಅಡ್ಡಿಯಿಲ್ಲ, ರಾಶಿ ಸೇರಿಸುವಂತಿಲ್ಲ ಅಷ್ಟೇ. ಕತಾರ್ ಏರ್‌ವೇಸ್ 2022ರಿಂದ ಏವಿಯೋಸನ್ನೇ ತನ್ನ ನಾಣ್ಯ ಮಾಡಿಕೊಂಡಿರುವುದರಿಂದ, ಅವರವರ ಎರಡು ಅಕೌಂಟುಗಳ ನಡುವೆ ಅತ್ತಿಂದಿತ್ತ ಸಾಗಿಸಬಹುದು ಎಂಬುದೊಂದು ಸಮಾಧಾನ.

ಎಲ್ಲ ಕಂಪನಿಯೂ ವಿಳಾಸ ಕೇಳುವುದಿಲ್ಲ. ಎಮಿರೇಟ್ಸ್‌ನಲ್ಲಿ ಎಂಟು ಜನರ ಕುಟುಂಬ ಮಾಡಬಹುದು. ಕ್ರಿಸ್‌ಫ್ಲೈಯರ್‌ನಲ್ಲಿ ಐದು ಜನರ ಹೆಸರು ಬರೆಸಿಟ್ಟರೆ ಅವರಿಗೆ ಟಿಕೆಟ್ ತೆಗೆಯಬಹುದು. ಜಪಾನಿನವರ ಲೆಕ್ಕ ನೋಡಿದರೆ ನಗು ಬರುತ್ತದೆ. ಎಎನ್‌ಎ ಕಂಪನಿಯಲ್ಲಿ ಮೈಲಿನ ಟಿಕೆಟ್ ಕೊಡಬಹುದಾದದ್ದು ಎರಡನೇ ಹಂತದ ತನಕದ ನೆಂಟರಿಗೆ. ಅತ್ತೆ ಮಾವ ಬರುತ್ತಾರೆ, ಅಣ್ಣ ತಂಗಿ ಬರುತ್ತಾರೆ, ಅಜ್ಜಿ ಬರುತ್ತಾರೆ. ಸೋದರಮಾವ ಬರುವುದಿಲ್ಲ, ಆತ ಮೂರನೇ ಹಂತ. ಮದುವೆ ಮಂಟಪದಲ್ಲಿ ಆತನಿಗೆ ಎಷ್ಟೇ ಮರ್ಯಾದೆ ಇರಲಿ, ತೋಕಿಯೊದಲ್ಲಿ ಇಲ್ಲ. ಅಲ್ಲೂ ವಾಸದ ದೇಶ ಅಡ್ಡ ಬರುತ್ತದೆ. ಕುಟುಂಬದ ಮೈಲು ಸೇರಿಸುವ ಸೌಲಭ್ಯ ಜಪಾನಿನಲ್ಲಿ ಇರುವವರಿಗೆ ಒಂದು, ಹೊರಗೆ ಇರುವವರಿಗೆ ಇನ್ನೊಂದು. ದೇಶ ದಾಟಿದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರಬೇಕು.

ಇಲ್ಲಿ ಲಂಡನ್ನಿನಲ್ಲಿ ದರ್ಜೆಯ ಆಸೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. 2025ರ ಏಪ್ರಿಲ್‌ನಿಂದ ಬ್ರಿಟಿಷ್ ಏರ್‌ವೇಸ್‌ನಲ್ಲೂ ಖರ್ಚು ಮಾಡಿದ ಒಂದು ಪೌಂಡಿಗೆ ದರ್ಜೆಯ ಒಂದು ಅಂಕ. ಬೆಳ್ಳಿಗೆ 7,500, ಚಿನ್ನಕ್ಕೆ 20,000. ತೆರಿಗೆಗೆ ಹೋದ ದುಡ್ಡು ಲೆಕ್ಕಕ್ಕಿಲ್ಲ. ಎಕಾನಮಿಯಲ್ಲಿ ಕೂತು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ನಮ್ಮಂಥವರಿಗೆ ಬೆಳ್ಳಿಯೂ ದೂರದ ಮಾತು. ಹಾಗಾಗಿ ಈಗ ನನ್ನ ಗಮನವೆಲ್ಲ ಇರುವ ಏವಿಯೋಸನ್ನು ಹೇಗೆ ಖರ್ಚು ಮಾಡುವುದು ಎಂಬುದರ ಮೇಲೆ.

ಆ ಖರ್ಚಿನಲ್ಲೂ ಊರು ಮುಖ್ಯ. ಶಿಕಾಗೊದಲ್ಲಿದ್ದಾಗ ಒಳನಾಡಿನ ಟಿಕೆಟ್ಟನ್ನು ಮೈಲು ಕೊಟ್ಟು ತೆಗೆದರೆ ಮೇಲೆ ಕೊಡಬೇಕಾದದ್ದು ಒಂದು ಕಡೆಗೆ 5 ಡಾಲರ್ 60 ಸೆಂಟ್. ಬ್ರಿಟನ್ನಿನಿಂದ ಹೊರಡುವ ಪ್ರತಿ ಪ್ರಯಾಣಿಕನ ಮೇಲೂ ಸರ್ಕಾರದ ಪ್ರಯಾಣ ಸುಂಕ ಇದೆ, ಮೈಲು ಕೊಟ್ಟರೂ ತಪ್ಪದು. 2025-26ರಲ್ಲಿ ಇಂಡಿಯಾದಷ್ಟು ದೂರಕ್ಕೆ ಎಕಾನಮಿಗೆ 90 ಪೌಂಡ್, ಅದಕ್ಕಿಂತ ಮೇಲಿನ ಯಾವ ದರ್ಜೆಗೂ 216. ಪ್ರೀಮಿಯಂ ಎಕಾನಮಿಯೂ ಆ ಲೆಕ್ಕಕ್ಕೇ ಸೇರುತ್ತದೆ. ಎಕಾನಮಿಯಲ್ಲಿ ಹೋಗುವ 16 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಮಾಫಿ. ಡಬ್ಲಿನ್‌ನಿಂದ ಪ್ರಯಾಣ ಶುರುಮಾಡಿ ಲಂಡನ್‌ನಲ್ಲಿ ವಿಮಾನ ಬದಲಿಸಿದರೆ ಇದು ಬೀಳುವುದಿಲ್ಲ ಎಂದು ಇಲ್ಲಿಯ ಜಾಣರು ಐರ್ಲೆಂಡಿಗೆ ಹೋಗಿ ಹೊರಡುತ್ತಾರೆ. ಮೂರು ಸೂಟ್‌ಕೇಸು, ಒಂದು ಮಗು, ಜೊತೆಗೆ "ಇದೆಲ್ಲ ಬೇಕಿತ್ತಾ" ಎನ್ನುವ ಗಂಡನನ್ನು ಕಟ್ಟಿಕೊಂಡು ಡಬ್ಲಿನ್ ಸುತ್ತುವ ಉಮೇದು ನನಗಿಲ್ಲ.

ಬೆಂಗಳೂರಿನಿಂದ ಇತ್ತ ಬರುವಾಗ ಈ ಸುಂಕ ಇಲ್ಲ. ಅದಕ್ಕೇ ಅತ್ತೆಯ ಟಿಕೆಟ್ಟನ್ನು ಎರಡು ಒನ್‌ವೇ ಮಾಡಿ ತೆಗೆಯುತ್ತೇನೆ. ಮಂಡಿನೋವಿನವರು ಕಾಲು ಚಾಚಿ ಬರಲೆಂದು ಬರುವಾಗ ಬಿಸಿನೆಸ್, ಹೋಗುವಾಗ ಕಾಲಿಗೆ ಜಾಗ ಇರುವ ಎಕಾನಮಿ ಸೀಟು. ಬಿಸಿನೆಸ್ ಸೀಟು ಮೈಲಿಗೆ ಸಿಗಬೇಕಾದರೆ ಬುಕಿಂಗ್ ತೆರೆಯುವ ದಿನವೇ ಹಿಡಿಯಬೇಕು, ವಿಮಾನ ಹೊರಡುವ ದಿನಕ್ಕೆ 355 ದಿನ ಮುಂಚೆ. ಮುಂದಿನ ದಸರಾ ಕಳೆದ ಮೇಲಿನ ಒಂದು ದಿನಾಂಕಕ್ಕೆ ಲೆಕ್ಕ ಹಾಕಿ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಅತ್ತೆ ತಯಾರು. ಮಾವನವರದೇ ತಕರಾರು: ಅಡಿಕೆ ಕೊಯ್ಲಿನ ಹೊತ್ತಿಗೇ ಪುಕ್ಕಟೆ ಟಿಕೆಟ್ ಸಿಗುತ್ತೆ ಅಂತೀಯಲ್ಲ, ಕೊನೆ ತೆಗೆಯೋಕೆ ಆ ಏರ್‌ವೇಸಿನವರು ಆಳು ಕಳಿಸ್ತಾರಾ ಕೇಳು.